ಮನಸ್ಸಿನ ಕಾಯಿಲೆಗೆ ರಕ್ತಪರೀಕ್ಷೆ ಏಕೆ?

ಪ್ರಶ್ನೆ: ನಮ್ಮ ಯಜಮಾನರಿಗೆ ಆರು ತಿಂಗಳಿಂದ ನಿದ್ದೆಯಿಲ್ಲ, ಕಾಫಿ ಕೊಯ್ಲು ನಡೆದಿದ್ದರೂ ತೋಟದ ಕಡೆ ತಲೆ ಹಾಕುತ್ತಿಲ್ಲ. ಮನೋವೈದ್ಯರು ಥೈರಾಯ್ಡ್ ಪರೀಕ್ಷೆಗೆ ಬರೆದುಕೊಟ್ಟು, ಸಾಲದ ವಿಚಾರವನ್ನೂ ಕೇಳಿದರು. ಇದೆಲ್ಲ ಅವರಿಗೇಕೆ?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ಅವರು ಕೇಳಿದ್ದು ಸರಿಯಾಗಿಯೇ ಇದೆ. ಥೈರಾಯ್ಡ್ ಗ್ರಂಥಿಯ ಕೆಲಸ ಕುಂದಿದಾಗಲೂ ಖಿನ್ನತೆಯಲ್ಲಿ ಕಾಣುವಂಥದೇ ಮಂಕು, ಆಯಾಸಗಳು ಕವಿಯುವುದರಿಂದ, ಅದನ್ನು ನೋಡದೆ ರೋಗನಿರ್ಣಯ ಮಾಡುವುದು ಅವಸರವಾಗುತ್ತದೆ. ಅಮೆರಿಕದ ಮನೋವೈದ್ಯರ ಸಂಘವು 1980ರ ತನ್ನ ಕೈಪಿಡಿಯಲ್ಲಿ ಮಾನಸಿಕ ಕಾಯಿಲೆ, ವ್ಯಕ್ತಿತ್ವದ ತೊಡಕು, ದೈಹಿಕ ರೋಗ, ಬದುಕಿನ ಒತ್ತಡ, ನಿತ್ಯದ ಬದುಕನ್ನು ನಿಭಾಯಿಸುವ ಶಕ್ತಿ ಎಂಬ ಐದು ಅಕ್ಷಗಳಲ್ಲಿ ರೋಗಿಯನ್ನು ಅಳೆಯುವ ಕ್ರಮವನ್ನು ತಂದಿತು. 2013ರ ಆವೃತ್ತಿಯು ಈ ವಿಂಗಡಣೆಯನ್ನು ಕೈಬಿಟ್ಟಿತಾದರೂ ಆ ಪ್ರಶ್ನೆಗಳು ಉಳಿದಿವೆ, ಉಳಿಯಲೂಬೇಕು. ಸಾಲದ ಸಂಗತಿಯನ್ನು ಸಂಕೋಚಪಡದೆ ತಿಳಿಸಿರಿ. ಮುಂದಿನ ಸಲ ಹೋಗುವಾಗ ಅವರು ನುಂಗುತ್ತಿರುವ ಎಲ್ಲ ಮಾತ್ರೆಗಳ ಚೀಟಿಯನ್ನೂ ಒಯ್ಯಿರಿ.