ಎಸಿ ಕೊಂಡಾಯ್ತು, ಇನ್ನು ವಾರಂಟಿಗೂ ದುಡ್ಡು ಕೊಡಬೇಕಾ?

ಕಲಬುರಗಿಯ ಓದುಗರೊಬ್ಬರ ಪತ್ರ: "ಸೂಪರ್ ಮಾರ್ಕೆಟ್ ಕಡೆ ಒಂದೂವರೆ ಟನ್ನಿನ ಇನ್ವರ್ಟರ್ ಎಸಿ ತಗೊಂಡೆವು. ಬಿಲ್ ಮಾಡುವಾಗ, ಇನ್ನೂ 5,500 ಕೊಟ್ಟರೆ ಮೂರು ವರ್ಷ ವಾರಂಟಿ ಜಾಸ್ತಿ ಸಿಗುತ್ತೆ ಅಂದರು. ಯೋಚನೆ ಮಾಡಿ ಹೇಳ್ತೀವಿ ಅಂತ ಬಂದಿದ್ದೇವೆ. ತಗೋಬೇಕಾ?"

ಯೋಚನೆ ಮಾಡ್ತೀವಿ ಅಂದಿದ್ದು ಒಳ್ಳೆಯದಾಯ್ತು ಮೇಡಂ. ನನ್ನ ಕೇಳಿದರೆ, ಸದ್ಯಕ್ಕೆ ಬೇಡ.

ಮೊದಲು ಡಬ್ಬದೊಳಗೆ ಬಂದ ವಾರಂಟಿ ಕಾರ್ಡ್ ತೆಗೆದು ನೋಡಿ. ಬಹಳಷ್ಟು ಕಂಪನಿಗಳು ಇಡೀ ಎಸಿಗೆ 1 ವರ್ಷ, ಕಂಪ್ರೆಸರ್‌ಗೆ 10 ವರ್ಷ ಕೊಡುತ್ತವೆ. ಕೆಲವು ಕಂಪನಿಗಳು ಪಿಸಿಬಿಗೂ 5 ವರ್ಷ ಕೊಡುತ್ತವೆ. ಇನ್ವರ್ಟರ್ ಎಸಿಯಲ್ಲಿ ಜೇಬಿಗೆ ಕತ್ತರಿ ಹಾಕುವುದೇ ಈ ಪಿಸಿಬಿ, ಅಂದರೆ ಒಳಗಿರುವ ಸರ್ಕ್ಯೂಟ್ ಬೋರ್ಡ್. ನಮ್ಮ ಬಿಸಿಲು, ಧೂಳು, ಕರೆಂಟ್ ಹೋಗಿ ಬಂದಾಗಿನ ವೋಲ್ಟೇಜ್ ಏರುಪೇರು ಸಾಲದು ಅಂತ ಹೊರಗಿನ ಯೂನಿಟ್ಟಿಗೆ ಒಂದು ಹಲ್ಲಿ ನುಗ್ಗಿ ಬೋರ್ಡ್ ಮೇಲೆ ಸತ್ತರೂ ಸಾಕು, ಕಥೆ ಮುಗೀತು.

ತಮಾಷೆ ಏನಂದ್ರೆ, ವೋಲ್ಟೇಜ್‌ನಿಂದ ಸುಟ್ಟರೆ, ಇಲಿ ವೈರ್ ಕಡಿದರೆ, ಹಲ್ಲಿ ಹೊಕ್ಕರೆ ನಮಗೆ ಸಂಬಂಧ ಇಲ್ಲ ಅಂತ ದುಡ್ಡು ಕೊಟ್ಟು ತಗೊಳ್ಳುವ ಇಂಥ ಹೆಚ್ಚುವರಿ ವಾರಂಟಿಯ ಎಷ್ಟೋ ಕಾಗದಗಳಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ನಮ್ಮ ಕಡೆ ಕೆಡೋದೇ ಹಾಗೆ, ಅಲ್ವಾ?

ಆ ಪ್ಲಾನ್ ಯಾರದು ಅಂತಲೂ ಕೇಳಿ. ಎಷ್ಟೋ ಸಲ ಅದು ಎಸಿ ಕಂಪನಿಯದಲ್ಲ, ಬೇರೆ ಯಾರದೋ. ಕೆಟ್ಟ ದಿನ ಅಂಗಡಿಯವರು ಒಂದು ಟೋಲ್ ಫ್ರೀ ನಂಬರ್ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ, ನೀವು ಮೇ ತಿಂಗಳಲ್ಲಿ ಬೆವರು ಒರೆಸಿಕೊಳ್ಳುತ್ತಾ ಮೆಕ್ಯಾನಿಕ್‌ಗೆ ಕಾಯಬೇಕು. ಕಂಪನಿಯದೇ ಬೇಕಿದ್ದರೆ ಅವಸರ ಇಲ್ಲ. ಮೊದಲ ವರ್ಷದ ವಾರಂಟಿ ಮುಗಿಯುವುದರೊಳಗೆ ಯಾವಾಗಲಾದರೂ ತಗೊಳ್ಳಲು ಎಷ್ಟೋ ಕಂಪನಿಗಳು ಬಿಡುತ್ತವೆ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಕೇಳಿಕೊಳ್ಳಿ.

ಆ 5,500 ಹಾಗೇ ಇದೆಯಲ್ಲ, ನಿಮ್ಮ ಓಣಿಯಲ್ಲಿ ಸಂಜೆ ಲೈಟ್ ಮಂಕಾಗುತ್ತಿದ್ದರೆ ಒಂದು 4 ಕೆವಿಎ ಸ್ಟೆಬಿಲೈಸರ್ ಹಾಕಿಸಿ. ಸ್ಟೆಬಿಲೈಸರ್ ಬೇಡ ಅಂತ ಡಬ್ಬದ ಮೇಲೆ ಬರೆದಿರಬಹುದು, ಆದರೆ ಪಕ್ಕದಲ್ಲೇ ಇಷ್ಟರಿಂದ ಇಷ್ಟು ವೋಲ್ಟ್ ತನಕ ಅಂತಲೂ ಇರುತ್ತದೆ, ಅದನ್ನು ಯಾರೂ ಓದೋದಿಲ್ಲ. ಅರ್ಥಿಂಗ್ ಒಂದ್ಸಲ ಚೆಕ್ ಮಾಡಿಸಿ.

ದೊಡ್ಡ ಟಿವಿ ಆಗಿದ್ದರೆ ನನ್ನ ಮಾತು ಸ್ವಲ್ಪ ಬದಲಾಗುತ್ತಿತ್ತು. ಪ್ಯಾನೆಲ್ ಹೋದರೆ ಹೊಸ ಟಿವಿಯೇ ವಾಸಿ ಅನ್ನಿಸುವಷ್ಟು ಖರ್ಚು. ಮಿಕ್ಸರ್, ಗೀಸರ್‌ಗೆಲ್ಲ ಸುಮ್ನೆ ದುಡ್ಡು ದಂಡ.

ವಾರಂಟಿ ಇದ್ದೂ ಸತಾಯಿಸಿದರೆ 1915ಕ್ಕೆ ಫೋನ್ ಮಾಡಿ, ಅದು ಗ್ರಾಹಕರ ಸಹಾಯವಾಣಿ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. 5 ಲಕ್ಷದೊಳಗಿನ ವಸ್ತುವಿಗೆ ಶುಲ್ಕ ಇಲ್ಲ, ತಕರಾರು ಶುರುವಾದ 2 ವರ್ಷದೊಳಗೆ ದೂರು ಕೊಡಬೇಕು. ಎಲ್ಲಿ ಹೋದರೂ ಮೊದಲು ಕೇಳೋದು ಬಿಲ್. ಮೆಷಿನ್ನಿನಿಂದ ಬಂದ ಬಿಲ್ ಆದರೆ ಬೇಗ ಅಕ್ಷರ ಮಾಸಿಹೋಗುತ್ತದೆ, ಇವತ್ತೇ ಒಂದು ಫೋಟೋ ತೆಗೆದಿಡಿ.

— ಸಂಪಾದಕ