ಹಿಂಪಡೆದ ಲೇಖನ ಇನ್ನೂ ಯಾಕೆ ಸಿಗುತ್ತದೆ?

ಪ್ರಶ್ನೆ: ಮೇಷ್ಟ್ರೇ, ಮಗಳಿಗೆ ಒಂಬತ್ತು ತಿಂಗಳು ತುಂಬಿತು, ದಡಾರದ ಚುಚ್ಚುಮದ್ದು ಹಾಕಿಸಬೇಕು. ಅದರಿಂದ ಆಟಿಸಂ ಬರುತ್ತದೆ ಅನ್ನುವ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಲೇಖನವನ್ನು ನಮ್ಮ ಭಾವ ವಾಟ್ಸ್ಆಪಿನಲ್ಲಿ ಕಳಿಸಿದ್ದಾರೆ. ಅದನ್ನು ಹಿಂಪಡೆದಿದ್ದಾರೆ ಅಂತ ಆಶಾ ಅಕ್ಕ ಹೇಳುತ್ತಾರೆ. ಹಾಗಾದರೆ ಇನ್ನೂ ಓದಲು ಹೇಗೆ ಸಿಗುತ್ತದೆ?
– ಒಬ್ಬ ತಾಯಿ, ಚಳ್ಳಕೆರೆ

ಉತ್ತರ: ಆಶಾ ಅಕ್ಕ ಹೇಳಿದ್ದೇ ಸರಿ ತಾಯಿ. ಮೊದಲು ಮಗುವಿಗೆ ಲಸಿಕೆ ಹಾಕಿಸಿ, ಉಳಿದದ್ದು ಆಮೇಲೆ ಓದಿ.

ದಾವಣಗೆರೆಯಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತಿದ್ದಾಗ ಶೇಂಗಾ ಬೀಜದ ಮೊಳಕೆ ಬಗ್ಗೆ ಒಂದು ಲೇಖನ ಬರೆದಿದ್ದೆ. ಅಚ್ಚಾಗಿ ಬಂದ ಮೇಲೆ ನೋಡುತ್ತೇನೆ, ಮಿಲಿಗ್ರಾಂ ಇರಬೇಕಾದ ಕಡೆ ಗ್ರಾಂ! ರಾತ್ರಿಯೆಲ್ಲ ನಿದ್ದೆಯಿಲ್ಲ. ಬೆಳಿಗ್ಗೆಯೇ ಸಂಪಾದಕರಿಗೆ ಕಾಗದ ಹಾಕಿದೆ. ಮುಂದಿನ ಸಂಚಿಕೆಯಲ್ಲಿ 'ತಿದ್ದುಪಡಿ' ಅಂತ ನಾಲ್ಕು ಸಾಲು ಬಂತು. ತೀರ್ಮಾನ ಕೆಡದ ತಪ್ಪಿಗೆ ಅಷ್ಟು ಸಾಕು. ಬುಡವೇ ಸುಳ್ಳಾದರೆ ಇಡೀ ಲೇಖನವನ್ನು ಹಿಂಪಡೆಯುತ್ತಾರೆ.

ಆದರೆ ಅಳಿಸಿಹಾಕುವುದಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿ ನೆನಪಿಸಿಕೊಳ್ಳಿ. ಕ್ರಯಪತ್ರ ರದ್ದಾದರೆ ಅದನ್ನು ಹರಿದು ಎಸೆಯುತ್ತಾರೆಯೇ? ರದ್ದತಿ ಪತ್ರವೂ ನೋಂದಣಿಯಾಗುತ್ತದೆ, ಇ.ಸಿ. ತೆಗೆಸಿದರೆ ಎರಡೂ ಕಾಣುತ್ತವೆ. ಇಲ್ಲೂ ಹಾಗೇ. ಆ ಲೇಖನ ನಂಬಿ ಮುಂದೆ ಬರೆದವರೂ ಇರುತ್ತಾರಲ್ಲ, ಯಾವುದು ಬಿತ್ತು, ಯಾಕೆ ಬಿತ್ತು ಅಂತ ಅವರಿಗೆ ಗೊತ್ತಾಗಬೇಕು.

ಭಾವನವರ ಲೇಖನ 1998ರದು, ಬರೀ 12 ಮಕ್ಕಳ ಮೇಲೆ ಆಂಡ್ರ್ಯೂ ವೇಕ್‌ಫೀಲ್ಡ್ ತಂಡ ಬರೆದದ್ದು. 13 ಲೇಖಕರಲ್ಲಿ 10 ಮಂದಿ 2004ರಲ್ಲೇ ಅದರ ವ್ಯಾಖ್ಯಾನದಿಂದ ಹಿಂದೆ ಸರಿದರು. ಮಕ್ಕಳನ್ನು ಆಯ್ದ ರೀತಿ, ನೈತಿಕ ಸಮಿತಿಯ ಒಪ್ಪಿಗೆ, ಎರಡರ ಬಗ್ಗೆಯೂ ಬರೆದದ್ದು ಸುಳ್ಳೆಂದು ಬ್ರಿಟನ್ನಿನ ವೈದ್ಯಕೀಯ ಮಂಡಳಿಯ ವಿಚಾರಣೆಯಲ್ಲಿ ಸಾಬೀತಾದ ಮೇಲೆ, 2010ರ ಫೆಬ್ರವರಿಯಲ್ಲಿ ಲ್ಯಾನ್ಸೆಟ್ ಅದನ್ನು ಪೂರ್ತಿ ಹಿಂಪಡೆಯಿತು. ಹನ್ನೆರಡು ವರ್ಷ! ಅಷ್ಟರಲ್ಲಿ ಎಷ್ಟು ತಾಯಂದಿರು ಹೆದರಿ ಲಸಿಕೆ ಬಿಟ್ಟರೋ ಎಂದು ನೆನೆದರೆ ಹೊಟ್ಟೆ ಉರಿಯುತ್ತದೆ. ಅದೇ ಪತ್ರಿಕೆ 2020ರ ಮೇ 22ಕ್ಕೆ ಪ್ರಕಟಿಸಿದ ಕೋವಿಡ್‌ಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಔಷಧ ಕೊಡುವ ಕುರಿತ ಲೇಖನವನ್ನು ಜೂನ್ 4ಕ್ಕೇ ಹಿಂಪಡೆಯಿತು. ಮೂಲ ಅಂಕಿಅಂಶ ಪರಿಶೀಲಿಸಲು ಸಿಗುತ್ತಿಲ್ಲವೆಂದು ಲೇಖಕರಲ್ಲೇ ಮೂವರು ಕೇಳಿಕೊಂಡಿದ್ದರು. ಮನಸ್ಸಿದ್ದರೆ ಬೇಗ ಆಗುತ್ತದೆ.

ವೇಕ್‌ಫೀಲ್ಡ್ ಲೇಖನ ಮಂಗನಬಾವೂ ಸೇರಿದ ಎಂಎಂಆರ್ ಬಗ್ಗೆ, ನಿಮ್ಮ ಮಗಳಿಗೆ ಹಾಕುವುದು ದಡಾರ-ರುಬೆಲ್ಲಾದ ಎಂಆರ್. ಆ ಎಂಎಂಆರ್‌ಗೂ ಆಟಿಸಂಗೂ ನಂಟಿಲ್ಲವೆಂದು ಡೆನ್ಮಾರ್ಕಿನಲ್ಲಿ 6,57,461 ಮಕ್ಕಳನ್ನು ನೋಡಿದವರು 2019ರಲ್ಲಿ ಬರೆದಿದ್ದಾರೆ. ಇದನ್ನೂ ಭಾವನವರಿಗೆ ಹೇಳಿ.

ಲ್ಯಾನ್ಸೆಟ್ ತಾಣದಲ್ಲಿ ಈಗ ಆ ಲೇಖನ ತೆರೆದರೆ 'ರಿಟ್ರಾಕ್ಟೆಡ್', ಅಂದರೆ ಹಿಂಪಡೆದದ್ದು, ಅಂತ ದೊಡ್ಡದಾಗಿ ಕಾಣುತ್ತದೆ. ಭಾವನವರು ಕಳಿಸಿದ ಪಿಡಿಎಫ್‌ನಲ್ಲಿ ಆ ಪದ ಇಲ್ಲದಿದ್ದರೆ ಹಳೇ ಪ್ರತಿ ಕೈಯಿಂದ ಕೈಗೆ ಓಡಾಡುತ್ತಿದೆ ಅಂತಲೇ ಲೆಕ್ಕ. ಅವರ ಫೋನಿನಲ್ಲೇ ತಾಣ ತೆಗೆದು ತೋರಿಸಿ. ಎರಡನೇ ಡೋಸ್ 16ರಿಂದ 24 ತಿಂಗಳೊಳಗೆ, ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ.