ಜಾನ್ ಲಿಂಡ್ ಗವರ್ನರ್ ಆದದ್ದು ಹೇಗೆ, ಅದರಲ್ಲಿ ನಮಗೇನಿದೆ

ನಿಮ್ಮ ಪ್ರಶ್ನೆ ಓದಿದೆ. ತುಮಕೂರಿನಿಂದ ಮಿನಿಯಾಪೊಲಿಸ್‌ಗೆ ಬಂದು ಇನ್ನೂ ಒಂದು ಚಳಿಗಾಲ ಕಳೆದಿಲ್ಲ. ಇರುವುದು ಎಚ್-1ಬಿ ಅನ್ನುವ ಕೆಲಸದ ವೀಸಾ ಮೇಲೆ. ಮಗಳು ಎರಡನೇ ಕ್ಲಾಸು. ಸ್ಕೂಲ್ ಬಸ್ಸಿನ ದಾರಿ ಬದಲಾಯಿಸುತ್ತೇವೆ, ಸಭೆಗೆ ಬನ್ನಿ ಅಂತ ಶಾಲೆಯಿಂದ ಕಾಗದ ಬಂದಿದೆ. "ನಾವು ಹೊರಗಿನವರು, ಇಲ್ಲಿಯ ಊರ ಉಸಾಬರಿ ನಮಗ್ಯಾಕೆ? ತಲೆ ತಗ್ಗಿಸಿಕೊಂಡು ಕೆಲಸ ಮಾಡಿಕೊಂಡಿದ್ದರೆ ಸಾಲದಾ?" ಅಂತ ಕೇಳಿದ್ದೀರಿ. ಆಫೀಸಿನಲ್ಲಿ ಒಬ್ಬರು ಜಾನ್ ಲಿಂಡ್ ಹೆಸರು ಹೇಳಿದರಂತೆ. ಸ್ವೀಡನ್ನಿನಿಂದ ಬಂದ ಬಡ ಹುಡುಗ ಇದೇ ಮಿನೆಸೋಟ ರಾಜ್ಯದ ಗವರ್ನರ್ (ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ) ಆದ, ಇಲ್ಲಿ ಯಾರು ಬೇಕಾದರೂ ಮೇಲೆ ಬರಬಹುದು ಅಂದರಂತೆ. ಅದು ನಿಜವಾ ಅಂತಲೂ ಕೇಳಿದ್ದೀರಿ.

ಲಿಂಡ್ ಗವರ್ನರ್ ಆದದ್ದು ನಿಜ. ಯಾರು ಬೇಕಾದರೂ ಆಗಬಹುದಿತ್ತು ಅನ್ನುವುದು ನಿಜವಲ್ಲ. ನಾನು ಈ ರಾಜ್ಯದಲ್ಲೇ ಬಹಳ ವರ್ಷದಿಂದ ಇದ್ದೇನೆ, ಮಕ್ಕಳು ಇಲ್ಲೇ ಓದಿ ದೊಡ್ಡವರಾದರು. ನೀವು ನನಗಿಂತ ತುಂಬಾ ಚಿಕ್ಕವರು, ಅಣ್ಣನ ಸಲುಗೆಯಿಂದ ಹೇಳುತ್ತೇನೆ, ಕೇಳಿ.

ಲಿಂಡ್ ಹುಟ್ಟಿದ್ದು 1854ರಲ್ಲಿ, ದಕ್ಷಿಣ ಸ್ವೀಡನ್ನಿನ ಸ್ಮೋಲಾಂಡ್ ಸೀಮೆಯ ಕೊನ್ನಾ ಅನ್ನುವ ಹಳ್ಳಿಯಲ್ಲಿ. ಕಲ್ಲು ನೆಲ, ಸಣ್ಣ ಹಿಡುವಳಿ, ಮನೆ ತುಂಬ ಜನ. 1867ರಿಂದ 69ರವರೆಗೆ ಸ್ವೀಡನ್ನಿಗೆ ಬರಗಾಲ ಬಡಿಯಿತು. ಸಾವಿರಾರು ಕುಟುಂಬಗಳು ಹಡಗು ಹತ್ತಿದವು. ಲಿಂಡ್‌ನ ಅಪ್ಪ ಅಮ್ಮ ಬಂದದ್ದೂ ಆ ಹೊತ್ತಿನಲ್ಲೇ. ಹುಡುಗನಿಗೆ ಹದಿಮೂರರ ಆಸುಪಾಸು. ಮಿನೆಸೋಟದ ಗುಡ್‌ಹ್ಯೂ ಕೌಂಟಿಯಲ್ಲಿ ನೆಲೆ ನಿಂತರು.

ಬಂದ ಸ್ವಲ್ಪ ದಿನಕ್ಕೇ ಸಾಮಿಲ್ಲಿನಲ್ಲಿ ಅಪಘಾತವಾಗಿ ಹುಡುಗನ ಎಡಗೈ ಹೋಯಿತು. ಹೊಲದ ಕೆಲಸ ನಂಬಿಕೊಂಡು ಬಂದ ಮನೆಗೆ ಅದು ಎಂಥ ಪೆಟ್ಟು ಅಂತ ಯೋಚಿಸಿ. ಕೈಯಿಂದ ದುಡಿಯುವ ದಾರಿ ಮುಚ್ಚಿತು, ಉಳಿದದ್ದು ಓದು ಒಂದೇ. ಕಲಿತು, ಮೇಷ್ಟ್ರ ಕೆಲಸ ಮಾಡಿ, ಮಿನೆಸೋಟ ಯೂನಿವರ್ಸಿಟಿಯಲ್ಲಿ ಸ್ವಲ್ಪ ಕಾಲ ಓದಿ, 1877ರಲ್ಲಿ ವಕೀಲನಾದ. ಆಮೇಲೆ ನ್ಯೂ ಅಲ್ಮ್ ಅನ್ನುವ ಊರಿಗೆ ಹೋಗಿ ಬೋರ್ಡು ಹಾಕಿದ.

ಇಲ್ಲಿ ಒಂದು ನಿಮಿಷ ನಿಲ್ಲಿ. ನ್ಯೂ ಅಲ್ಮ್ ಸ್ವೀಡರ ಊರಲ್ಲ, ಜರ್ಮನ್ನರು ಕಟ್ಟಿದ ಊರು. ತನ್ನ ಭಾಷೆಯವರು ಗುಂಪಾಗಿದ್ದ ಕಡೆ ಬಿಟ್ಟು ಇನ್ನೊಬ್ಬರ ಊರಿನಲ್ಲಿ ಮನೆ ಮಾಡಿದ. ಅಲ್ಲಿ ಮೊದಲು ಹಿಡಿದದ್ದು ಏನು ಗೊತ್ತಾ? ಬ್ರೌನ್ ಕೌಂಟಿಯ ಶಾಲೆಗಳ ಮೇಲ್ವಿಚಾರಣೆ. ಹಳ್ಳಿ ಹಳ್ಳಿಯ ಒಂದೇ ಕೋಣೆಯ ಶಾಲೆಗಳನ್ನು ನೋಡಿಕೊಳ್ಳುವ ಕೆಲಸ. ಮುಂದೆ ಟ್ರೇಸಿ ಊರಿನ ಸರ್ಕಾರಿ ಲ್ಯಾಂಡ್ ಆಫೀಸಿನಲ್ಲಿ ಹಣ ಜಮಾ ಮಾಡಿಕೊಳ್ಳುವ ಅಧಿಕಾರಿಯಾದ. 1862ರ ಹೋಮ್‌ಸ್ಟೆಡ್ ಕಾಯ್ದೆ ಪ್ರಕಾರ ಒಂದು ಕುಟುಂಬಕ್ಕೆ 160 ಎಕರೆವರೆಗೆ ಜಮೀನು ಸಿಗುತ್ತಿತ್ತು. ಅದಕ್ಕೆ ಅರ್ಜಿ ಹಿಡಿದು ಬಂದ ರೈತರೆಲ್ಲ ಅಂಥ ಆಫೀಸಿನ ಕೌಂಟರಿಗೇ ಬರಬೇಕು. ಅವನ ಹೆಸರು ಊರೂರಿಗೆ ಗೊತ್ತಾದದ್ದು ಭಾಷಣದಿಂದಲ್ಲ, ಇಂಥ ಕೆಲಸಗಳಿಂದ ಅಂತ ನನ್ನ ಅನಿಸಿಕೆ.

1886ರ ಚುನಾವಣೆಯಲ್ಲಿ ರಿಪಬ್ಲಿಕನ್ ಪಕ್ಷದಿಂದ ಗೆದ್ದು ಅಮೆರಿಕದ ಸಂಸತ್ತಿಗೆ ಹೋದ. ಸ್ವೀಡನ್ನಿನಲ್ಲಿ ಹುಟ್ಟಿ ಅಲ್ಲಿಗೆ ಹೋದವರಲ್ಲಿ ಇವನೇ ಮೊದಲಿಗ. ಆರು ವರ್ಷ ಇದ್ದು ತಾನಾಗಿಯೇ ಬಿಟ್ಟ. ಬೆಳ್ಳಿ ನಾಣ್ಯದ ವಿಚಾರದಲ್ಲಿ ಪಕ್ಷದ ಜೊತೆ ಜಗಳವಾಯಿತು. ಸಾಲದಲ್ಲಿ ಮುಳುಗಿದ ರೈತರು ಬೆಳ್ಳಿ ನಾಣ್ಯ ಜಾಸ್ತಿ ಬರಲಿ ಅನ್ನುತ್ತಿದ್ದರು, ಬ್ಯಾಂಕಿನವರು ಚಿನ್ನವೇ ಇರಲಿ ಅನ್ನುತ್ತಿದ್ದರು. ಲಿಂಡ್ ರೈತರ ಕಡೆ ನಿಂತ. 1896ರಲ್ಲಿ ಡೆಮೋಕ್ರಾಟರ ಮತ್ತು ರೈತರ ಪೀಪಲ್ಸ್ ಪಾರ್ಟಿಯ ಬೆಂಬಲದಿಂದ ಗವರ್ನರ್ ಚುನಾವಣೆಗೆ ನಿಂತು ನಾಲ್ಕು ಸಾವಿರಕ್ಕೂ ಕಡಿಮೆ ಮತದಲ್ಲಿ ಸೋತ. 1898ರಲ್ಲಿ ಅಮೆರಿಕಕ್ಕೂ ಸ್ಪೇನಿಗೂ ಯುದ್ಧ ಬಂದಾಗ, ಒಂದು ಕೈ ಇಲ್ಲದಿದ್ದರೂ, ಮಿನೆಸೋಟದ 12ನೇ ಸ್ವಯಂಸೇವಕ ಪಡೆಯಲ್ಲಿ ಸಾಮಾನು ಸರಬರಾಜು ನೋಡಿಕೊಳ್ಳುವ ಅಧಿಕಾರಿಯಾಗಿ ಸೇರಿದ. ಅದೇ ವರ್ಷ ಮತ್ತೆ ನಿಂತು ಗೆದ್ದ. 1899ರ ಜನವರಿಯಲ್ಲಿ ಗವರ್ನರ್ ಆದ. ಇಲ್ಲಿ ಗವರ್ನರನ್ನು ಜನರೇ ನೇರವಾಗಿ ಆರಿಸುತ್ತಾರೆ. ಸುಮಾರು ನಲವತ್ತು ವರ್ಷದಲ್ಲಿ ರಿಪಬ್ಲಿಕನ್ ಅಲ್ಲದವನೊಬ್ಬ ಆ ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು.

ಅಧಿಕಾರ ಸುಖದ್ದಾಗಿರಲಿಲ್ಲ. ಶಾಸನಸಭೆ ಎದುರು ಪಕ್ಷದ ಕೈಯಲ್ಲಿತ್ತು. ರೈಲ್ವೆ ಕಂಪನಿಗಳ ಮೇಲೆ ತೆರಿಗೆ ಏರಿಸಿ ಅಂತ ಕೇಳಿದ, ಅವನ ಕಾಲದಲ್ಲಿ ಆಗಲಿಲ್ಲ. ಎರಡು ವರ್ಷ ಮುಗಿದಾಗ ಸುಮಾರು 2,250 ಮತಗಳಿಂದ ಸೋತ. ಅಧಿಕಾರ ಬಿಟ್ಟ ದಿನ ಸೇಂಟ್ ಪಾಲ್‌ನ ಪತ್ರಿಕೆ ಆಫೀಸೊಂದಕ್ಕೆ ನಡೆದುಹೋಗಿ, ತನ್ನ ಮೇಲೆ ಕೆಟ್ಟದಾಗಿ ಬರೆಸುತ್ತಿದ್ದ ಸಂಪಾದಕನಿಗೆ ಹೊಡೆದುಬಿಟ್ಟ. ಅದನ್ನು ನಾನು ಮೆಚ್ಚುವುದಿಲ್ಲ. 1913ರಲ್ಲಿ ಅಧ್ಯಕ್ಷ ವಿಲ್ಸನ್ ತನ್ನ ಪ್ರತಿನಿಧಿಯಾಗಿ ಅವನನ್ನು ಮೆಕ್ಸಿಕೋಗೆ ಕಳಿಸಿದರು. ಸ್ಪ್ಯಾನಿಷ್ ಬರುತ್ತಿರಲಿಲ್ಲ, ಹೋದ ಕೆಲಸವೂ ಆಗಲಿಲ್ಲ. 1930ರಲ್ಲಿ ಮಿನಿಯಾಪೊಲಿಸ್‌ನಲ್ಲೇ ತೀರಿಕೊಂಡ. ಅವನ ಬಳಿಕ 1909ರಲ್ಲಿ ಅಡಾಲ್ಫ್ ಎಬರ್‌ಹಾರ್ಟ್ ಅನ್ನುವ ಇನ್ನೊಬ್ಬ, ಅವನೂ ಸ್ವೀಡನ್ನಿನಲ್ಲಿ ಹುಟ್ಟಿದವನು, ಇಲ್ಲಿಯ ಗವರ್ನರ್ ಆದ.

ಈಗ ನಿಮ್ಮ ಆಫೀಸಿನವರು ಹೇಳದೆ ಬಿಟ್ಟದ್ದಕ್ಕೆ ಬರುತ್ತೇನೆ.

1790ರ ಕಾನೂನಿನ ಪ್ರಕಾರ ಹೊರಗಿನಿಂದ ಬಂದ ಬಿಳಿಯರು ಮಾತ್ರ ಇಲ್ಲಿ ಪೌರರಾಗಬಹುದಿತ್ತು. 1870ರಲ್ಲಿ ಆಫ್ರಿಕಾ ಮೂಲದವರನ್ನೂ ಸೇರಿಸಿದರು, ನಮ್ಮನ್ನು ಸೇರಿಸಲಿಲ್ಲ. ಸ್ವೀಡನ್ನಿನವರಿಗೆ ಐದು ವರ್ಷ ಇದ್ದರೆ ಸಾಕು. ಅಷ್ಟೂ ಬೇಡ, ಪೌರನಾಗುತ್ತೇನೆ ಅಂತ ಬರೆದುಕೊಟ್ಟವರಿಗೇ ಮಿನೆಸೋಟದಲ್ಲಿ ಮತ ಹಾಕಲು ಬಿಡುತ್ತಿದ್ದರು. ಅದು ನಿಂತದ್ದು 1896ರಲ್ಲಿ. ಇನ್ನು ನಮ್ಮವರ ಕಥೆ ನೋಡಿ. ಪೌರತ್ವ ಕೇಳಿದ ಭಗತ್ ಸಿಂಗ್ ಥಿಂಡ್ ಅಮೆರಿಕದ ಸೇನೆಯಲ್ಲಿದ್ದವರು. 1923ರಲ್ಲಿ ಸುಪ್ರೀಂ ಕೋರ್ಟ್, ಭಾರತೀಯರು ಬಿಳಿಯರಲ್ಲ, ಪೌರತ್ವ ಇಲ್ಲ ಅಂದಿತು. ಆ ಬಾಗಿಲು ತೆರೆದದ್ದು 1946ರಲ್ಲಿ. ಈಗ ಚರ್ಮದ ಬಣ್ಣ ಕೇಳುವುದಿಲ್ಲ, ನಿಜ. ಆದರೆ ಕೆಲಸದ ಮೇಲೆ ಕೊಡುವ ಗ್ರೀನ್ ಕಾರ್ಡಿಗೆ, ಅಂದರೆ ಇಲ್ಲಿ ಕಾಯಂ ಇರುವ ಪರವಾನಗಿಗೆ, ಒಂದು ದೇಶಕ್ಕೆ ಶೇಕಡ 7ರ ಮಿತಿ ಇದೆ. ಅದಕ್ಕೇ ಭಾರತದವರ ಸರದಿ ಇಷ್ಟು ಉದ್ದ. ಲಿಂಡ್ ಬಂದಾಗ ಇಂಥ ಸಾಲೇ ಇರಲಿಲ್ಲ.

ಅವನಿಗೆ ಸಿಕ್ಕ ನೆಲವೂ ಖಾಲಿ ಬಿದ್ದಿದ್ದಲ್ಲ, ಇಲ್ಲಿಯ ಮೂಲನಿವಾಸಿಗಳಾದ ಡಕೋಟಾ ಜನರದ್ದು. 1851ರ ಒಪ್ಪಂದಗಳಲ್ಲಿ ಅವರಿಂದ ಬರೆಸಿಕೊಂಡರು, 1862ರಲ್ಲಿ ಅವರ ಜೊತೆ ನಡೆದ ಯುದ್ಧದ ನಂತರ ಅವರನ್ನು ರಾಜ್ಯದಿಂದಲೇ ಓಡಿಸಿದರು. ಆ ಡಿಸೆಂಬರಿನಲ್ಲಿ ಮ್ಯಾಂಕೇಟೊ ಊರಿನಲ್ಲಿ ಒಂದೇ ದಿನ 38 ಜನರನ್ನು ಗಲ್ಲಿಗೇರಿಸಿದರು. ಲಿಂಡ್ ಕುಟುಂಬ ಬಂದದ್ದು ಅದಾದ ಐದಾರು ವರ್ಷಕ್ಕೆ. ವಲಸೆ ಬಂದವರ ಗೆಲುವಿನ ಕಥೆ ಹೇಳುವಾಗ ಇದನ್ನು ಬಿಟ್ಟರೆ ನನಗೆ ಸಮಾಧಾನ ಆಗುವುದಿಲ್ಲ.

ಹಾಗಾದರೆ ಲಿಂಡ್ ನಮಗೆ ಯಾತಕ್ಕೂ ಬೇಡವಾ? ಬೇಕು. ಅವನಿಗೆ ಸಿಕ್ಕ ಪೌರತ್ವದ ಕಾಗದ ನಮಗೆ ಬೇಗ ಸಿಗುವುದಿಲ್ಲ. ಆದರೆ ಅವನ ಹಾಗೆ ಶಾಲೆಯ ವಿಚಾರಕ್ಕೆ ತಲೆ ಕೊಡಲು ಆ ಕಾಗದಕ್ಕಾಗಿ ಕಾಯಬೇಕಾಗಿಲ್ಲ. ಗ್ರೀನ್ ಕಾರ್ಡ್ ಬರಲಿ, ಆಮೇಲೆ ನೋಡೋಣ ಅಂತ ಎಷ್ಟೋ ಜನ ಮನೆ, ಆಫೀಸು, ಕಾಸ್ಟ್ಕೊ ಅಂಗಡಿ, ವಾರಕ್ಕೊಮ್ಮೆ ದೇವಸ್ಥಾನ ಅಂತ ಇದ್ದುಬಿಡುತ್ತಾರೆ. ಅಷ್ಟರಲ್ಲಿ ಮಕ್ಕಳು ಕಾಲೇಜಿಗೆ ಹೋಗಿರುತ್ತಾರೆ, ಪಕ್ಕದ ಬೀದಿಯವರ ಹೆಸರೂ ಗೊತ್ತಿರುವುದಿಲ್ಲ. ಇದು ನನಗೆ ತುಂಬಾ ನೋವಿನ ವಿಚಾರ.

ಭಾರತದಿಂದ ಬಂದ ದಲೀಪ್ ಸಿಂಗ್ ಸೌಂದ್ ಕಥೆ ಕೇಳಿದ್ದೀರಾ? ಕ್ಯಾಲಿಫೋರ್ನಿಯಾದಲ್ಲಿ ವ್ಯವಸಾಯ ಮಾಡಿಕೊಂಡು, ಪೌರತ್ವದ ಕಾನೂನು ಬದಲಾಗಲಿ ಅಂತ ವರ್ಷಗಟ್ಟಲೆ ಓಡಾಡಿದವರು. 1949ರಲ್ಲಿ ಪೌರರಾದರು. 1950ರಲ್ಲಿ ಊರಿನ ಸಣ್ಣ ನ್ಯಾಯಾಧೀಶರ ಹುದ್ದೆಗೆ ನಿಂತು ಗೆದ್ದರೆ, ಪೌರರಾಗಿ ಒಂದು ವರ್ಷ ತುಂಬಿರಲಿಲ್ಲ ಅಂತ ಗೆಲುವು ರದ್ದಾಯಿತು. ಮತ್ತೆ ನಿಂತು ಗೆದ್ದರು. 1956ರಲ್ಲಿ ಅಮೆರಿಕದ ಸಂಸತ್ತಿಗೇ ಆರಿಸಿ ಬಂದರು. ನಮ್ಮ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2018ರಲ್ಲಿ ಮಿಷಿಗನ್ ಗವರ್ನರ್ ಆಗಲು ಹೊರಟು ಪಕ್ಷದ ಒಳಗಿನ ಚುನಾವಣೆಯಲ್ಲೇ ಸೋತರು. 2022ರಲ್ಲಿ ಅದೇ ರಾಜ್ಯದಿಂದ ಸಂಸತ್ತಿಗೆ ಗೆದ್ದರು.

ನಿಮ್ಮ ಸಭೆಗೆ ಬರೋಣ. ಸ್ಕೂಲ್ ಬೋರ್ಡ್, ಸಿಟಿ ಕೌನ್ಸಿಲ್ ಸಭೆಗಳಿಗೆ ಯಾರು ಬೇಕಾದರೂ ಹೋಗಿ ಕೂರಬಹುದು. ವೀಸಾ ಯಾರೂ ಕೇಳುವುದಿಲ್ಲ. ನಮ್ಮೂರಿನ ಕೌನ್ಸಿಲ್ಲಿನಲ್ಲಿ ಹೀಗೆ ನಡೆಯುತ್ತದೆ: ಬಾಗಿಲ ಹತ್ತಿರ ಒಂದು ಹಾಳೆ, ಮಾತಾಡುವವರು ಹೆಸರು ಬರೆಯಬೇಕು. ಕರೆದಾಗ ಮೈಕಿನ ಮುಂದೆ ನಿಂತು ಹೆಸರು, ವಿಳಾಸ ಹೇಳಬೇಕು. ಮೂರು ನಿಮಿಷ. ಕಳೆದ ಜನವರಿಯಲ್ಲಿ ಒಬ್ಬ ಅಜ್ಜಿ ದಪ್ಪ ಕೋಟು ಬಿಚ್ಚದೆಯೇ ನಿಂತು, ಹಿಮ ತೆಗೆಯುವ ಗಾಡಿ ತನ್ನ ಮನೆಯ ಮುಂದೆಯೇ ರಾಶಿ ಹಾಕಿ ಹೋಗುತ್ತದೆ ಅಂತ ಫೋಟೋ ತೋರಿಸಿದರು. ಎಲ್ಲರೂ ಕೇಳಿಸಿಕೊಂಡರು, ಒಬ್ಬ ಸಿಬ್ಬಂದಿ ವಿಳಾಸ ಬರೆದುಕೊಂಡ. ನೀವೂ ಹಾಗೇ ಮಾತಾಡಬಹುದು. ಇಂಗ್ಲಿಷ್ ಉಚ್ಚಾರಣೆಯ ಬಗ್ಗೆ ಚಿಂತೆ ಬೇಡ, ಬರೆದುಕೊಂಡು ಹೋಗಿ ಓದಿದರೂ ನಡೆಯುತ್ತದೆ.

ಆದರೆ ಎರಡು ಕಡೆ ಬಹಳ ಹುಷಾರಾಗಿರಿ. ಡ್ರೈವಿಂಗ್ ಲೈಸೆನ್ಸ್ ಫಾರಂನಲ್ಲಿ ಮತದಾರರ ಪಟ್ಟಿಗೆ ಸೇರುವ ಪ್ರಶ್ನೆ ಇದ್ದರೆ ಯಾವ ಕಾರಣಕ್ಕೂ ಒಪ್ಪಬೇಡಿ. ಪೌರರಲ್ಲದವರು ಪೌರರು ಅಂತ ಸಹಿ ಹಾಕಿದರೆ, ಮರೆತು ಹಾಕಿದ್ದರೂ, ಮುಂದೆ ಗ್ರೀನ್ ಕಾರ್ಡಿಗೇ ಕುತ್ತು ಬರಬಹುದು. ಗ್ರೀನ್ ಕಾರ್ಡ್ ಬರುವವರೆಗೆ ಯಾವ ಅಭ್ಯರ್ಥಿಗೂ ಚುನಾವಣೆ ದೇಣಿಗೆ ಕೊಡಬೇಡಿ, ಐದು ಡಾಲರ್ ಕೂಡ. ಕಾನೂನು ಬಿಡುವುದಿಲ್ಲ.

ಸಭೆಗೆ ಹೋಗುವ ಮೊದಲು ಶಾಲೆಯ ವೆಬ್‌ಸೈಟಿನಲ್ಲಿ ಅಜೆಂಡಾ ನೋಡಿಕೊಳ್ಳಿ. ಹಳೇ ಸ್ಟಾಪ್ ಎಲ್ಲಿ, ಹೊಸದು ಎಲ್ಲಿ, ನಡುವೆ ಮಗು ದಾಟಬೇಕಾದ ರಸ್ತೆ ಯಾವುದು, ಇಷ್ಟು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮೈನಸ್ ಇಪ್ಪತ್ತರ ಬೆಳಗ್ಗೆ ಅಲ್ಲಿ ಎಷ್ಟು ಹೊತ್ತು ನಿಲ್ಲಬೇಕಾಗುತ್ತದೆ ಅಂತ ತಪ್ಪದೆ ಕೇಳಿ. ಅದೇ ಬಸ್ಸಿಗೆ ಕಾಯುವ ಬೇರೆ ಮಕ್ಕಳ ಅಪ್ಪ ಅಮ್ಮಂದಿರನ್ನೂ ಜೊತೆಗೆ ಕರೆದುಕೊಂಡು ಹೋಗಿ.